ಗುಡಿ ಬಾವಿಯ ನೀರಿಗೆ ನಾನು ಹಾಕಿದ ಸಹಿ

ಕೊರೊನಾ ಮುಗಿದು ಆಫೀಸುಗಳಲ್ಲಿ ಮಾಸ್ಕ್ ಮಾಯವಾದ ವರ್ಷ ಅದು. ಆದೋನಿಯಲ್ಲಿ ಕುಡಿಯುವ ನೀರು ಪರೀಕ್ಷಿಸುವ ಒಂದು ಸಣ್ಣ ಸರ್ಕಾರಿ ಲ್ಯಾಬಿನಲ್ಲಿ ನಾನು ಸೀನಿಯರ್ ಕೆಮಿಸ್ಟ್. ರಿಟೈರ್ ಆಗಲು ಹದಿನಾಲ್ಕು ತಿಂಗಳು ಉಳಿದಿದ್ದವು. ಲ್ಯಾಬ್ ಅಂದರೆ ದೊಡ್ಡ ಕಲ್ಪನೆ ಬೇಡ. ಎರಡು ಕೋಣೆ, ಒಂದು ಇನ್‌ಕ್ಯುಬೇಟರ್, ಕಿಟಕಿಯಾಚೆ ಒಂದು ಬೇವಿನ ಮರ, ಮತ್ತು ನನ್ನ ಕೈಬರಹದ ರಿಜಿಸ್ಟರುಗಳು. ಕಾನ್ವೆಂಟಿನ ಸಿಸ್ಟರ್‌ಗಳು ಬೆರಳಿಗೆ ಸ್ಕೇಲಿನಿಂದ ಹೊಡೆದು ತಿದ್ದಿದ ಅಕ್ಷರ ನನ್ನದು. ಇಡೀ ಸರ್ವೀಸಿನಲ್ಲಿ ಅದನ್ನು ಹೊಗಳದ ಆಫೀಸರ್ ಇಲ್ಲ. ಆ ಚೆಂದದ ಅಕ್ಷರದಲ್ಲೇ ನಾನು ಎರಡು ವರ್ಷ ಒಂದು ಸುಳ್ಳಿಗೆ ಸಹಿ ಹಾಕಿದ್ದೆ. ಸುಳ್ಳೆಂದು ಗೊತ್ತಿರಲಿಲ್ಲ ಅನ್ನುವುದು ಎಕ್ಸ್‌ಕ್ಯೂಸ್ ಅಲ್ಲ. ಆ ಕಥೆಯನ್ನೇ ಬರೆಯುತ್ತಿದ್ದೇನೆ.

ಆದೋನಿಯಿಂದ ಪತ್ತಿಕೊಂಡದ ಕಡೆ ಹೋಗುವಾಗ ಒಳಗೆ ತಿರುಗಿದರೆ, ಬೋಳು ಬಂಡೆಗಳ ಗುಡ್ಡದ ಅಡಿಯಲ್ಲಿ ಆ ಊರು. ಹೆಸರು ಬರೆಯುವುದಿಲ್ಲ, ಅವರು ಓದಿದರೆ ಗುರುತು ಹಿಡಿಯುತ್ತಾರೆ, ಅಷ್ಟು ಸಾಕು. ಊರಿಗೆ ಎರಡು ಬಗೆಯ ನೀರಿತ್ತು. ಒಂದು ಬೋರ್‌ವೆಲ್. ಅದರಲ್ಲಿ ಫ್ಲೋರೈಡ್, ಅಂದರೆ ನೆಲದೊಳಗಿನ ಕಲ್ಲಿನಿಂದ ಕರಗಿ ಬರುವ ಲವಣ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂಬುದು ನಿಯಮ. ಆ ಬೋರಿನಲ್ಲಿ ಅದರ ಎರಡು ಪಟ್ಟಿತ್ತು. ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುತ್ತದೆ, ಆಮೇಲೆ ಮೊಣಕಾಲು, ಆಮೇಲೆ ಬೆನ್ನು. ಇನ್ನೊಂದು, ಮಳೆಗಾಲದಲ್ಲಷ್ಟೇ ಹರಿಯುವ ಹಳ್ಳದ ದಡದಲ್ಲಿದ್ದ ಸಿಹಿನೀರಿನ ಬಾವಿ. ಬಾವಿಯ ಮೇಲ್ಭಾಗದಲ್ಲಿ ಒಂದು ಕುಂಟೆ, ಅಂದರೆ ಸಣ್ಣ ಕೆರೆ. ಗುಡ್ಡದ ಮಳೆನೀರು ಕುಂಟೆಗೆ ಬಂದು, ನೆಲಕ್ಕೆ ಇಂಗಿ, ಬಾವಿಗೆ ಇಳಿಯುತ್ತಿತ್ತು. ಬೋರ್ ನಿಲ್ಲಿಸಿ, ಈ ಬಾವಿಯಿಂದಲೇ ಮನೆಮನೆಯ ನಳಗಳಿಗೆ ನೀರು ಬಿಡಲು ಶುರುಮಾಡಿ ಎಂಟು ವರ್ಷವಾಗಿತ್ತು.

ತಿಂಗಳಿಗೊಮ್ಮೆ ಆ ಬಾವಿಯ ನೀರಿನ ಸ್ಯಾಂಪಲ್ ಲ್ಯಾಬಿಗೆ ಬರುತ್ತಿತ್ತು. ಎರಡು ವರ್ಷದಿಂದ ಅದನ್ನು ತರುತ್ತಿದ್ದವರು ಪಂಚಾಯಿತಿ ಆಫೀಸಿನ ಗುಮಾಸ್ತ ಶೇಷಾಚಾರ್. ಐವತ್ತೆಂಟರ ವಯಸ್ಸು, ಹಣೆಯ ಮೇಲೆ ಅಂಗಾರ ಅಕ್ಷತೆ, ಇಸ್ತ್ರಿ ಮಾಡಿದ ಪಂಚೆ. ಬೇರೆ ಊರುಗಳಿಂದ ಬಾಟಲಿಗಳು ಕೂಲ್‌ಡ್ರಿಂಕ್ಸ್ ವಾಸನೆ ಹೊತ್ತು ಬರುತ್ತಿದ್ದವು. ಶೇಷಾಚಾರ್ ಮಾತ್ರ ನಾವು ಕೊಟ್ಟ ಬಾಟಲಿಯನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತರುತ್ತಿದ್ದರು. ಅವರ ನೀರು ಪ್ರತಿ ಸಲವೂ ಪಾಸ್. "ನೋಡಿ, ಒಂದು ಊರು ಹೀಗಿರಬೇಕು" ಎಂದು ನಾನು ಟ್ರೈನಿಂಗುಗಳಲ್ಲಿ ಆ ರಿಪೋರ್ಟನ್ನು ಎತ್ತಿ ತೋರಿಸುತ್ತಿದ್ದೆ. ಐ ವಾಸ್ ವೆರಿ ಪ್ರೌಡ್.

ಬೇಸಿಗೆಯ ನಡುವೆ ಒಂದು ಮಧ್ಯಾಹ್ನ ಫೋನ್ ಬಂತು. ಆ ಊರಿನ ಆರೋಗ್ಯ ಕಾರ್ಯಕರ್ತೆ ಮೆಹಬೂಬಿ.

"ಮೇಡಂ, ನಿಮಗೊಂದು ಮಾತು ಕೇಳ್ಬೇಕ್ರಿ. ಸಿಟ್ಟಾಗಬ್ಯಾಡ್ರಿ. ಎರಡು ವರ್ಷದಿಂದ ನೋಡಾಕತ್ತೀನಿ, ಮೊದಲ ಮಳಿ ಬಿದ್ದ ವಾರ ನಮ್ಮೂರಾಗ ವಾಂತಿಭೇದಿ. ಹೋದ ವರ್ಷ ನಮ್ಮ ಓಣಿ ಕೂಸೊಂದು ಸಾಯೋದು ಒಂದ್ ಚೂರಿನ್ಯಾಗ ಉಳೀತು. ನಾನು ನೀರಿನ ಮ್ಯಾಲೆ ಡೌಟ್ ಅಂದ್ರ ಪಂಚಾಯಿತ್ಯಾಗ ನಿಮ್ಮ ಕಾಗದ ತೋರಸ್ತಾರ. ನಿಮ್ಮ ಕಾಗದ ನೋಡಿದ್ರ ನಮ್ಮ ನೀರು ಗಂಗಾಜಲ. ಖರೇ ಹೇಳ್ರಿ, ನೀವು ಯಾವ ನೀರು ನೋಡಾಕತ್ತೀರಿ?"

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಫೋನಿಟ್ಟು ರಿಜಿಸ್ಟರ್ ತೆಗೆದೆ. ಕ್ಲೋರೈಡ್ ಎಂಬ ಕಾಲಂ ಮೇಲೆ ಬೆರಳು ಓಡಿಸಿದೆ. ಕ್ಲೋರೈಡ್ ಅಂದರೆ ನೀರಿನಲ್ಲಿರುವ ಉಪ್ಪಿನ ಅಂಶ. ಹಳ್ಳದ ಪಕ್ಕದ ಬಾವಿಯಲ್ಲಿ ಅದು ಬೇಸಿಗೆಯಲ್ಲಿ ಏರಬೇಕು, ಮಳೆ ಬಂದರೆ ಇಳಿಯಬೇಕು. ನನ್ನ ರಿಜಿಸ್ಟರಿನಲ್ಲಿ ಅದು ಎರಡು ವರ್ಷವೂ ಇದ್ದಲ್ಲೇ ಇತ್ತು, ಗೋಡೆಗೆ ಹೊಡೆದ ಮೊಳೆಯ ಹಾಗೆ. ಮಳೆ ಬಂದದ್ದೇ ಗೊತ್ತಿಲ್ಲದ ಬಾವಿ! ಕೆಮಿಸ್ಟ್ರಿ ಕಲಿಸಿದ ಸಿಸ್ಟರ್ ಹೇಳುತ್ತಿದ್ದರು, "ಚೈಲ್ಡ್, ರಿಸಲ್ಟ್ ತುಂಬಾ ನೀಟಾಗಿದ್ದರೆ ಇನ್ನೊಂದು ಸಲ ನೋಡು." ನಾನು ಆ ನೀಟನ್ನೇ ಮೆಚ್ಚಿಕೊಂಡು ಕೂತಿದ್ದೆ.

ಮರುದಿನ ಯಾರಿಗೂ ತಿಳಿಸದೆ ಹೊರಟೆ. ಆಫೀಸಿನ ಜೀಪ್ ರಿಪೇರಿಯಲ್ಲಿತ್ತು, ಬಸ್ಸಿನಲ್ಲೇ ಹೋದೆ.

ಶೇಷಾಚಾರ್ ಗಾಬರಿಯಾಗಲಿಲ್ಲ, ಸಂಭ್ರಮಪಟ್ಟರು. ಕಾಫಿ ಕುಡಿಸಿದರು. ಸ್ಯಾಂಪಲ್ ಎಲ್ಲಿ ತುಂಬುತ್ತೀರಿ ತೋರಿಸಿ ಎಂದರೆ, ನನ್ನನ್ನು ಸೀದಾ ಹನುಮಪ್ಪನ ಗುಡಿಯ ಅಂಗಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಂದು ಕಿರಿದಾದ, ಆಳದ, ಕಲ್ಲು ಕಟ್ಟಿದ ಬಾವಿ. ಪೂಜೆಗೂ ನೈವೇದ್ಯಕ್ಕೂ ಆಗುವಷ್ಟೇ ನೀರು. ನಾಲ್ಕು ಕೊಡ ಸೇದಿದರೆ ತಳ ಕಾಣುತ್ತದೆ.

"ಇಲ್ಲೇ ತುಂಬ್ತೀನ್ರಿ ಮೇಡಮ್. ಸ್ನಾನ ಮಾಡಿ, ಮಡೀಲೆ."

"ಆಚಾರ್ರೇ, ಊರು ಕುಡಿಯೋದು ಹಳ್ಳದ ಬಾವಿ ನೀರಲ್ಲವೇ?"

"ಹೌದ್ರಿ. ಆದ್ರ ಆದೋನಿ ಆಫೀಸಿಗೆ ಹೋಗೋ ನೀರು, ನಾಕು ಮಂದಿ ದೊಡ್ಡವರು ನೋಡೋ ನೀರು. ಅಂಥಾ ನೀರು ಹೆಂಗ ಕಳಸಲಿ? ಕನ್ಯಾ ತೋರಸೋವಾಗ ಯಾರಾದ್ರೂ ಹರಕು ಸೀರಿ ಉಡಸ್ತಾರೇನ್ರಿ?"

ತಮಾಷೆ ಮಾಡುತ್ತಿರಲಿಲ್ಲ. ಮನೆಗೆ ಬಂದವರಿಗೆ ಒಳ್ಳೆಯ ನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ. ಆ ಮರ್ಯಾದೆಯನ್ನು ಅವರು ಬಾಟಲಿಯಲ್ಲಿ ತುಂಬಿ, ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು. ನಾನು ಅದಕ್ಕೆ ಸೀಲ್ ಹೊಡೆಯುತ್ತಿದ್ದೆ.

ಗದರಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಗುಡಿಯ ಹಿಂದಿನ ಮನೆಯಿಂದ ಅವರ ಅಕ್ಕ ಸೀತಕ್ಕ ಹೊರಗೆ ಬಂದರು. ಬಂದರು ಅನ್ನುವುದು ತಪ್ಪು. ಎರಡೂ ಕೈಯಲ್ಲಿ ಗೋಡೆ ಹಿಡಿದು, ಸೊಂಟದಿಂದ ಮುಂದಕ್ಕೆ ಮಡಚಿಹೋದ ದೇಹವನ್ನು ಎಳೆದುಕೊಂಡು ಬಂದರು. ನನ್ನ ಮುಖ ನೋಡಲು ಅವರು ಕತ್ತನ್ನು ಪಕ್ಕಕ್ಕೆ ತಿರುಗಿಸಬೇಕಾಯಿತು. ಮೂವತ್ತು ವರ್ಷ ಬೋರಿನ ನೀರು ಕುಡಿದ ಬೆನ್ನು ಅದು.

ಶೇಷಾಚಾರ್ ದನಿ ತಗ್ಗಿಸಿದರು. "ಇನ್ನೊಂದು ಖರೇ ಹೇಳ್ತೀನ್ರಿ. ಹಳ್ಳದ ಬಾವಿ ನೀರು ಕಳಸಿದ್ರ, ಎಲ್ಲ್ಯಾರ ಫೇಲ್ ಅಂತ ಬರದು ಬಾವಿ ಮುಚ್ಚಿಬಿಟ್ರ? ಮತ್ತ ಬೋರ್ ಚಾಲೂ ಮಾಡ್ತಾರ. ಅಕ್ಕನ್ನ ನೋಡ್ರಿ. ಊರೆಲ್ಲಾ ಹಿಂಗ ಆಗಬೇಕೇನು?"

ಅವರ ಹೆದರಿಕೆ ಹುಸಿಯಾಗಿರಲಿಲ್ಲ. ನೀರು ಕೆಟ್ಟಿದೆ ಎಂದು ನಾನು ಬರೆದರೆ ಆ ಮೂಲವನ್ನು ಬಂದ್ ಮಾಡಿ ಇದ್ದ ಇನ್ನೊಂದು ಮೂಲವನ್ನು ಚಾಲೂ ಮಾಡುವುದೇ ಕ್ರಮ. ಬರೆಯದಿದ್ದರೆ ಮುಂದಿನ ತಿಂಗಳ ಮೊದಲ ಮಳೆಗೆ ಮೆಹಬೂಬಿಯ ಓಣಿಯ ಇನ್ನೊಂದು ಕೂಸು.

ಬಿಸಿಲಿನಲ್ಲೇ ಹಳ್ಳಕ್ಕೆ ಇಳಿದು ಬಾವಿ ನೋಡಿದೆ. ಬಾವಿ ಚೊಕ್ಕಟವಾಗಿತ್ತು, ಗ್ರಿಲ್, ಬೀಗ, ಎಲ್ಲಾ ಇತ್ತು. ಆಮೇಲೆ ಅದರ ನೀರು ಬರುವ ದಾರಿ ಹಿಡಿದು ಮೇಲಕ್ಕೆ ನಡೆದೆ. ಕುಂಟೆಯ ಆಚೆ, ಇಳಿಜಾರಿನಲ್ಲಿ, ತಾಯಮ್ಮ ಎಂಬ ರೈತ ಹೆಂಗಸಿನ ನಾಲ್ಕು ಎಕರೆ ಹೊಲ. ಅದರ ತುಂಬ ಕುರಿ. ಸುಗ್ಗಿ ಮುಗಿದ ಮೇಲೆ ಕುರುಬರ ಮಂದೆಯನ್ನು ಹೊಲದಲ್ಲಿ ರಾತ್ರಿ ತಂಗಿಸಿಕೊಳ್ಳುವುದು ನಮ್ಮ ಸೀಮೆಯ ಹಳೆಯ ಪದ್ಧತಿ. ಕುರಿಯ ಹಿಕ್ಕೆ, ಗಂಜಲ ಹೊಲಕ್ಕೆ ಗೊಬ್ಬರ, ಕುರುಬನಿಗೆ ಜೋಳ. ಎಲ್ಲರಿಗೂ ಒಳ್ಳೆಯದು. ಆದರೆ ಆ ಹೊಲದ ಮೇಲೆ ಬಿದ್ದ ಪ್ರತಿಯೊಂದು ಹನಿಯೂ ಕುಂಟೆಗೆ, ಅಲ್ಲಿಂದ ಬಾವಿಗೆ. ಮೊದಲ ಮಳೆ ಎರಡು ತಿಂಗಳ ಹಿಕ್ಕೆಯನ್ನು ಒಂದೇ ಸಲಕ್ಕೆ ತೊಳೆದು ತರುತ್ತಿತ್ತು. ಅಷ್ಟು ಕದಡಿದ ನೀರಿನಲ್ಲಿ, ನಳಕ್ಕೆ ಬಿಡುವ ಮುಂಚೆ ಬೆರೆಸುವ ಬ್ಲೀಚಿಂಗ್ ಪೌಡರಿನ ಆಟ ನಡೆಯುವುದಿಲ್ಲ. ಬಾವಿಗೆ ಬೀಗ ಹಾಕಿದ್ದೆವು, ನೀರಿನ ತವರಿಗೆ ಬಾಗಿಲೇ ಇರಲಿಲ್ಲ.

ಆದೋನಿಗೆ ಬಂದು ಮೇಲಧಿಕಾರಿಗೆ ಪತ್ರ ಬರೆದೆ. "ಎರಡು ವರ್ಷದ ರಿಪೋರ್ಟುಗಳು ಈ ಮೂಲದ ನೀರಿನವಲ್ಲ. ಸ್ಯಾಂಪಲ್ ಹೇಗೆ ತರಬೇಕೆಂದು ನಾನು ಹೇಳಿಕೊಟ್ಟಿದ್ದೆ. ಎಲ್ಲಿಂದ, ಯಾಕೆ ಎಂದು ಹೇಳಿಕೊಟ್ಟಿರಲಿಲ್ಲ. ಮೂಲವನ್ನು ನೋಡದೆ ಸಹಿ ಮಾಡಿದ ತಪ್ಪು ನನ್ನದು." ಜೊತೆಗೆ ಒಂದು ಕೋರಿಕೆ: ಮೊದಲ ಮಳೆಯವರೆಗೆ ಬಾವಿ ಮುಚ್ಚಬೇಡಿ, ಊರಿಗೆ ನೀರು ಕುದಿಸಿ ಕುಡಿಯಲು ಹೇಳುತ್ತೇನೆ, ದಿನಾ ಕ್ಲೋರಿನ್ ನೋಡುತ್ತೇನೆ, ಬಾವಿಯ ಮೇಲ್ಭಾಗವನ್ನು ಶುಚಿ ಮಾಡಿಸುತ್ತೇನೆ. ಮಳೆಯ ಮರುದಿನ ನಳದ ನೀರು ಫೇಲ್ ಆದರೆ ಮುಚ್ಚುವ ಆರ್ಡರಿಗೆ ನಾನೇ ಶಿಫಾರಸು ಬರೆಯುತ್ತೇನೆ.

ಅವರು ಫೋನ್ ಮಾಡಿ ತೆಲುಗು ಬೆರೆಸಿ ಕೇಳಿದರು. "ಎಂದುಕು ಮೇಡಮ್ ಇದಂತಾ? ಪೆನ್ಷನ್ ಪೇಪರ್ಸ್ ಹೋಗೋ ಟೈಮಿನಲ್ಲಿ ಯಾಕೆ ಮೈಮೇಲೆ ಎಳೆದುಕೊಳ್ತೀರಿ?"

"ಆಗಲೇ ಎಳೆದುಕೊಂಡಿದ್ದೇನೆ ಸರ್, ಎರಡು ವರ್ಷದ ಹಿಂದೆ. ಈಗ ಇಳಿಸುತ್ತಿದ್ದೇನೆ" ಎಂದೆ. ಅವರು ಆಗಲಿ ಎಂದರು. ಒಂದು ಮೆಮೊ ಮಾತ್ರ ಬಂದೇ ಬರುತ್ತದೆ ಎಂದೂ ಹೇಳಿದರು.

ಮತ್ತೆ ಊರಿಗೆ ಹೋದಾಗ ನಾಲ್ಕು ಪುಟ್ಟ ಬಾಟಲಿ ಒಯ್ದೆ. ಅದರೊಳಗೆ ಔಷಧ ಹಚ್ಚಿದ ಕಾಗದದ ಪಟ್ಟಿ ಇರುತ್ತದೆ. ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಟ್ಟರೆ, ಮಲದ ಕ್ರಿಮಿ ಇರುವ ನೀರು ಕಪ್ಪಾಗುತ್ತದೆ. ಕ್ರಿಮಿ ಇಲ್ಲದಿದ್ದರೆ ಬಣ್ಣ ಬದಲಾಗುವುದಿಲ್ಲ. ಲ್ಯಾಬಿನಲ್ಲಿ ಇನ್‌ಕ್ಯುಬೇಟರ್ ಇತ್ತು. ಆದರೆ ನನ್ನ ಇನ್‌ಕ್ಯುಬೇಟರನ್ನು ಈ ಊರು ಯಾಕೆ ನಂಬಬೇಕು? ಗುಡಿಯ ಕಟ್ಟೆಯ ಮೇಲೆ ಸೇರಿದ್ದ ಜನರ ಎದುರಿಗೇ ಗುಡಿ ಬಾವಿ, ಹಳ್ಳದ ಬಾವಿ, ಕುಂಟೆ, ಬೋರು, ನಾಲ್ಕರ ನೀರನ್ನೂ ತುಂಬಿ ಚೀಟಿ ಅಂಟಿಸಿದೆ.

"ಎಲ್ಲಿ ಇಡೋಣ?" ಎಂದು ಕೇಳಿದ್ದಕ್ಕೆ ಮಂದೆಯ ಹಿರಿಯ ಬೀರಪ್ಪ ತನ್ನ ಕರಿ ಕಂಬಳಿ ಬಿಚ್ಚಿದ. "ಇದರಾಗ ಇಡ್ರಿ ಅಮ್ಮಾರ. ಹುಟ್ಟಿದ ಮರಿ ಇದರಾಗ ಬೆಚ್ಚಗ ಇರ್ತಾವ, ನಿಮ್ಮ ಬಾಟ್ಲಿ ಇರಂಗಿಲ್ಲೇನು?"

ನಾನು ಆ ದಿನ ಮೆಹಬೂಬಿಯ ಮನೆಯಲ್ಲೇ ಉಳಿದೆ. ಮರುದಿನ ಮಧ್ಯಾಹ್ನ ಬೀರಪ್ಪ ಕಟ್ಟೆಯ ಮೇಲೆ ಕಂಬಳಿ ಬಿಚ್ಚಿದ. ಕುಂಟೆಯ ಬಾಟಲಿ ಇದ್ದಿಲಿನಂತೆ ಕಪ್ಪು. ಹಳ್ಳದ ಬಾವಿಯದು ತಳದಿಂದ ಕಪ್ಪೇರುತ್ತಿತ್ತು. ಗುಂಪಿನಿಂದ ಯಾರೋ ಕೂಗಿದರು, "ಬೀರಣ್ಣ, ನಿನ್ನ ಕಂಬಳಿ ಬಣ್ಣ ಬಿಟ್ಟೈತಿ ನೋಡಪಾ!" ಎಲ್ಲರೂ ನಕ್ಕರು. ಬೀರಪ್ಪ ನಗಲಿಲ್ಲ. ಗುಡಿ ಬಾವಿಯ ಬಾಟಲಿ ಎತ್ತಿ ಹಿಡಿದ. "ಇದೂ ಅದರಾಗ ಮಲಗಿತ್ತಲ್ಲೋ. ಇದ್ಯಾಕ ಕರಿ ಆಗಿಲ್ಲ?" ನನ್ನ ಇಡೀ ಲೆಕ್ಚರನ್ನು ಆತ ಒಂದು ಮಾತಿನಲ್ಲಿ ಮುಗಿಸಿದ.

ಬೋರಿನ ಬಾಟಲಿಯೂ ತಿಳಿಯಾಗೇ ಇತ್ತು. ತಾಯಮ್ಮ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. "ಹಂಗಾರ ಯವ್ವಾ, ಬೋರಿನ ನೀರು ತಿಳಿ ಐತಿ, ಅದನ್ನ ಕುಡದವರು ಬಾಗ್ಯಾರ. ಬಾವಿ ನೀರು ಕರಿ ಐತಿ, ಅದನ್ನ ಕುಡದವರು ಕಕ್ಕ್ಯಾರ. ನಾವು ಏನು ಕುಡೀಬೇಕು? ನಿನ್ನ ಕಾಗದ ಕುಡೀಬೇಕೇನು?"

"ಫ್ಲೋರೈಡನ್ನು ಬೋರಿನಿಂದ ತೆಗೆಯಲು ನನ್ನಿಂದ ಆಗುವುದಿಲ್ಲ, ತಾಯಮ್ಮ. ಹಿಕ್ಕೆಯನ್ನು ಬಾವಿಯ ದಾರಿಯಿಂದ ತೆಗೆಯಲು ನಮ್ಮೆಲ್ಲರಿಂದ ಆಗುತ್ತದೆ. ಮಳೆಗೆ ಮುಂಚೆ" ಎಂದೆ.

ನಾನು ಮ್ಯಾಪ್ ಹರಡಿದೆ. ನಮ್ಮ ಸರ್ಕ್ಯುಲರಿನಂತೆ ಬಾವಿಯ ಸುತ್ತ ಕಂಪಾಸ್ ಇಟ್ಟು ಒಂದು ಸುತ್ತು ಎಳೆದಿದ್ದೆ. ಇದರೊಳಗೆ ದನಕರು ಬೇಡ ಎಂದು. ಬೀರಪ್ಪ ಬಗ್ಗಿ ನೋಡಿದ.

"ನೀರು ದುಂಡಗ ಹರೀತೈತೇನ್ರಿ ಅಮ್ಮಾರ?"

ನಾನು ತಲೆಯೆತ್ತಿದೆ.

"ಕುರಿ ತ್ಯಾವದ ನೆಲದ ಮ್ಯಾಲೆ ಮಲಗಂಗಿಲ್ರಿ. ಮಳಿ ಬಂದ ಮ್ಯಾಲೆ ಕುರಿ ಮಂದಿ ಎಲ್ಲಿ ಏರಿ ಕೂಡತೈತಿ, ಅದು ಏರು. ಏರಿನ ಆಕಡಿ ನೀರು ಆಕಡಿ, ಈಕಡಿ ನೀರು ಕುಂಟಿಗೆ. ನಲವತ್ತು ವರ್ಷ ಆ ಏರಿನ ಮ್ಯಾಲೆ ಮಲಗೀನಿ. ಬರ್ರಿ, ತೋರಸ್ತೀನಿ."

ನೀರು ಎರಡು ಕಡೆ ಹಂಚಿಹೋಗುವ ಆ ಏರಿಗೆ ನಮ್ಮ ಪುಸ್ತಕದಲ್ಲಿ ವಾಟರ್‌ಶೆಡ್ ಲೈನ್ ಎಂದು ಹೆಸರು. ಅದನ್ನು ಗುರುತಿಸಲು ಸರ್ವೇಯರ್ ಬೇಕು, ಉಪಕರಣ ಬೇಕು, ತಿಂಗಳು ಬೇಕು. ಬೀರಪ್ಪ ಕೋಲು ಊರಿಕೊಂಡು ಒಂದು ಬೆಳಗಿನಲ್ಲಿ ನಡೆದು ತೋರಿಸಿದ. ಹಿಂದೆ ಶೇಷಾಚಾರ್ ಸುಣ್ಣದ ಬಕೆಟ್ ಹಿಡಿದು ಕಲ್ಲುಗಳಿಗೆ ಬಳಿಯುತ್ತ ಬಂದರು. ಅಭ್ಯಾಸಬಲ, ನಾನು ಸುಮ್ಮನೆ ನಂಬಲಿಲ್ಲ. ಅಲ್ಲಲ್ಲಿ ಒಂದು ತಂಬಿಗೆ ನೀರು ಸುರಿದು ಎತ್ತ ಹರಿಯುತ್ತದೆ ನೋಡಿದೆ. ಒಂದೇ ಒಂದು ಕಡೆ ಕಲ್ಲನ್ನು ಹತ್ತು ಹೆಜ್ಜೆ ಸರಿಸಬೇಕಾಯಿತು. "ಅಲ್ಲಿ ನಾನು ಮಲಗಿಲ್ರಿ, ಮುಳ್ಳು ಅದಾವ" ಎಂದ.

ಆ ಗೆರೆಯೊಳಗೆ ತಾಯಮ್ಮನ ಹೊಲ ಪೂರ್ತಿ ಬಿತ್ತು. ಬೇರೆಯವರದು ಅಂಚು ಅಂಚು. ಕುರಿ ಇಲ್ಲಿ ನಿಲ್ಲಬಾರದು ಎಂದದ್ದೇ ಅವಳು ಬದುವಿನ ಮೇಲೆ ಕೂತುಬಿಟ್ಟಳು.

"ಕುರಿ ನಿಲ್ಲದ ಹೊಲ ಉಪ್ಪಿಲ್ಲದ ಅಂಬಲಿ. ಊರಿಗೆಲ್ಲಾ ನೀರು, ನನಗ ಬಂಜರ. ಇದು ಯಾವ ನ್ಯಾಯ ಯವ್ವಾ? ನೀನು ಓದಿದಾಕಿ, ಹೇಳು."

ನಿಯಮವನ್ನು ಓದಿ ಹೇಳಬಹುದಿತ್ತು. ನಿಯಮ ಅವಳ ಹೊಲಕ್ಕೆ ಗೊಬ್ಬರವಾಗುತ್ತಿರಲಿಲ್ಲ. "ನೀನೇ ಹೇಳು ತಾಯಮ್ಮ, ಏನು ಮಾಡಿದರೆ ನ್ಯಾಯ?" ಎಂದೆ. ಹೆದರಿಕೊಂಡೇ ಕೇಳಿದೆ.

ಅವಳು ಕುಂಟೆಯ ಕಡೆ ನೋಡಿದಳು, ಊರಿನ ಕಡೆ ನೋಡಿದಳು. "ಕುರಿ ಗೆರಿ ಆಚಿ, ಕೆಳಗ ಊರ ಕಣದಾಗ ನಿಲ್ಲಲಿ. ಹಿಕ್ಕಿ ಕೂಡಿಸಿ ತಿಪ್ಪಿ ಹಾಕ್ರಿ. ಆಮ್ಯಾಲೆ ನಳ ಇದ್ದ ಮನಿಯವರೆಲ್ಲಾ, ಮನಿಗೊಂದು ಬುಟ್ಟಿ, ತಲಿ ಮ್ಯಾಲೆ ಹೊತ್ತು ನನ್ನ ಹೊಲಕ್ಕ ತಂದು ಹಾಕಲಿ. ವರ್ಷಾ ವರ್ಷಾ. ನೀರು ತಲಿ ಮ್ಯಾಲೆ ಹೊರತಿದ್ರಿ, ನಳ ಬಂತು, ತಲಿ ಖಾಲಿ ಐತಲ್ಲ!"

ನಾನು ಒಂದು ಷರತ್ತು ಸೇರಿಸಿದೆ. ತಿಪ್ಪೆ ಮುಚ್ಚಿಟ್ಟು ಮಾಗಬೇಕು. ಚೆನ್ನಾಗಿ ಮಾಗುವ ತಿಪ್ಪೆಯ ಒಳಗೆ ಕೈ ಇಡಲಾರದಷ್ಟು ಕಾವು ಬರುತ್ತದೆ, ಆ ಕಾವಿಗೆ ಕ್ರಿಮಿಗಳು ಸಾಯುತ್ತವೆ. ಹಸಿ ಹಿಕ್ಕೆ ಒಂದು ಬುಟ್ಟಿಯೂ ಗೆರೆ ದಾಟಬಾರದು.

"ಅಡಿಗಿ ಆಗೋತನ ಕಾಯ್ತೀನಿ ಬಿಡು" ಎಂದಳು.

ಆದರೆ ಆ ವರ್ಷದ ಹಿಕ್ಕೆ ಆಗಲೇ ಅವಳ ಹೊಲದಲ್ಲಿ ಹರಡಿತ್ತು. ಮಳೆಗೆ ಮುಂಚೆ ಅದನ್ನು ಬಳಿದು ಕೆಳಗೆ ಕಣಕ್ಕೆ ಇಳಿಸಬೇಕು. ಗುಡ್ಡದ ಮೇಲೆ ಸಂಜೆಗೊಮ್ಮೆ ಮೋಡ ಕಟ್ಟಿ ಚದುರುತ್ತಿತ್ತು. ಮೊದಲ ದಿನ ಬಂದವರು ಒಂಬತ್ತು ಜನ. ಉಳಿದವರು ಕಟ್ಟೆಯ ಮೇಲೆ ಕೂತು, ಯಾರು ಮೊದಲು ಹೊರುತ್ತಾರೆ ನೋಡೋಣ ಎನ್ನುವಂತಿದ್ದರು. ಆಗ ಶೇಷಾಚಾರ್ ಪಂಚೆ ಎತ್ತಿ ಕಟ್ಟಿ, ಟವೆಲನ್ನು ಸಿಂಬೆ ಮಾಡಿ, ಹಿಕ್ಕೆ ತುಂಬಿದ ಬುಟ್ಟಿಗೆ ತಲೆ ಕೊಟ್ಟರು.

ತಾಯಮ್ಮ ಬಿಡಲಿಲ್ಲ. "ಆಚಾರ್ರೇ, ಮಡಿ ಏನಾತ್ರೀ?"

"ಮಡಿ ನೀರಿನಿಂದ ಬರ್ತದವಾ. ನೀರೇ ಕೆಟ್ಟಮ್ಯಾಲೆ ಎಲ್ಲಿ ಮಡಿ? ಸರಿ, ದಾರಿ ಬಿಡು. ಕಣ್ಣಾಗ ಬೀಳಾಕತ್ತದ."

ಮರುದಿನ ಹೊಲ ತುಂಬ ಜನ. ಪೊರಕೆ, ಮೊರ, ಗೋಣಿಚೀಲ, ಒಬ್ಬರ ಮನೆಯ ತೊಟ್ಟಿಲ ಹೊದಿಕೆ ಸಹ. ನಾನೂ ಸೆರಗು ಸಿಕ್ಕಿಸಿ ಬಳಿದೆ; ನನ್ನ ಮೊಣಕಾಲು ಇಂದಿಗೂ ಅದನ್ನು ಮರೆತಿಲ್ಲ. ಏಳು ದಿನ ಹಿಡಿಯಿತು. ಎಂಟನೆಯ ದಿನ ಮಧ್ಯಾಹ್ನ ಗಾಳಿ ತಿರುಗಿ, ಗುಡ್ಡದ ಬಂಡೆಗಳ ಮೇಲಿಂದ ಮಳೆ ಇಳಿದು ಬಂತು.

ಮರುದಿನ ಬೆಳಗ್ಗೆ ನಳ, ಬಾವಿ, ಕುಂಟೆ, ಮೂರರ ನೀರೂ ಬೀರಪ್ಪನ ಕಂಬಳಿ ಸೇರಿದವು. ಈ ಸಲ ಎರಡು ದಿನ ಕಾದೆವು. ಕುಂಟೆಯ ಬಾಟಲಿ ಕಪ್ಪಾಯಿತು. ಅಷ್ಟು ವರ್ಷದ ಕೊಳೆ ಏಳು ದಿನದಲ್ಲಿ ಹೋಗುವುದಿಲ್ಲ. ಬಾವಿಯದು ಎರಡನೆಯ ದಿನ ತಳದಲ್ಲಿ ತುಸು ಕಂದಿತು. ನಳದ ನೀರು, ಕ್ಲೋರಿನ್ ಬೆರೆತ ನೀರು, ತಿಳಿಯಾಗೇ ಉಳಿಯಿತು. ಬಾವಿಯ ನೀರು ಕದಡದೇ ಬಂದದ್ದರಿಂದ ಬ್ಲೀಚಿಂಗ್ ಪೌಡರ್ ತನ್ನ ಕೆಲಸ ಮಾಡಿತ್ತು. ಶೇಷಾಚಾರ್ ಬಾಟಲಿಯನ್ನು ಸೀತಕ್ಕನ ಕಣ್ಣೆತ್ತರಕ್ಕೆ ಬಗ್ಗಿ ಹಿಡಿದು ತೋರಿಸಿದರು. ಸೀತಕ್ಕ ಬಾಟಲಿ ಇಸಕೊಂಡು ಸೆರಗಿನಿಂದ ಒರೆಸಿ ವಾಪಸ್ ಕೊಟ್ಟರು.

ಆ ವಾರ ಮೆಹಬೂಬಿಯ ನೋಟ್‌ಬುಕ್ಕಿನಲ್ಲಿ ವಾಂತಿಭೇದಿಯ ಪುಟದಲ್ಲಿ ಎರಡೇ ಹೆಸರು. "ಇಬ್ರೂ ನಂದವರಂ ಕಡೆ ಮದಿವಿಗೆ ಹೋಗಿ ಉಂಡು ಬಂದೋರು ಮೇಡಂ. ಅದಕ್ಕ ನಾವು ಜಿಮ್ಮೇದಾರ್ ಅಲ್ಲ" ಎಂದಳು. ಬಾವಿ ಮುಚ್ಚಲಿಲ್ಲ. ಬೋರಿನ ಸ್ವಿಚ್ಚು ಮೇಲೇಳಲಿಲ್ಲ.

ನನಗೆ ಮೆಮೊ ಬಂತು. ನ್ಯಾಯವಾಗಿಯೇ ಬಂತು, ಇಂದಿಗೂ ನನ್ನ ಸರ್ಟಿಫಿಕೇಟುಗಳ ಫೈಲಿನಲ್ಲಿ ಮೊದಲ ಹಾಳೆ ಅದೇ. ಮೂವತ್ತು ಚಿಲ್ಲರೆ ವರ್ಷ ನಾನು ನೀರನ್ನು ಮೇಜಿನ ಮೇಲೆ, ಗಾಜಿನ ಕೊಳವೆಯಲ್ಲಿ ಓದಿದ್ದೆ. ನೀರಿಗೊಂದು ತವರಿದೆ, ಅಲ್ಲಿ ಯಾರೋ ಉಳುತ್ತಾರೆ, ಯಾರದೋ ಕುರಿ ಮಲಗುತ್ತದೆ ಎಂದು ತಿಳಿಯಲು ಕೊನೆಯ ವರ್ಷ ಬರಬೇಕಾಯಿತು. ಈಗ ಅರವತ್ತೈದು ನನಗೆ. ಲ್ಯಾಬಿನ ಹೊಸ ಹುಡುಗಿಯರು ಫೋನ್ ಮಾಡಿದಾಗ ಒಂದೇ ಮಾತು ಹೇಳುತ್ತೇನೆ: ನೀವು ನಿಂತು ನೋಡದ ಬಾವಿಗೆ ಸಹಿ ಹಾಕಬೇಡಿ, ಡಿಯರ್. ಹಾಕಿದ್ದರೆ, ಹೋಗಿ ವಾಪಸ್ ತೆಗೆದುಕೊಂಡು ಬನ್ನಿ.

ರಿಟೈರ್ ಆಗುವ ವಾರ ಶೇಷಾಚಾರ್ ಬಂದರು. ಒದ್ದೆ ಬಟ್ಟೆಯಲ್ಲಿ ಈ ಸಲ ಎರಡು ಬಾಟಲಿ. ಒಂದರ ಮೇಲೆ ಅವರ ದುಂಡು ಅಕ್ಷರದಲ್ಲಿ ಚೀಟಿ: "ಊರ ಬಾವಿ. ಟೆಸ್ಟಿಗೆ." ಇನ್ನೊಂದರ ಮೇಲೆ: "ಗುಡಿ ಬಾವಿ. ಮೇಡಮ್ ಕುಡಿಯಲಿಕ್ಕೆ."

ಎರಡನ್ನೂ ಟೆಸ್ಟ್ ಮಾಡಿದೆ. ಎರಡೂ ಪಾಸ್, ಕ್ಲೋರೈಡ್ ಬೇರೆ ಬೇರೆ. ಎರಡು ದಿನ ಬಿಟ್ಟು ರಿಪೋರ್ಟಿಗೆಂದು ಶೇಷಾಚಾರ್ ಮತ್ತೆ ಬಂದಾಗ ಒಂದು ಸ್ಟೀಲ್ ಲೋಟ ತರಿಸಿ, "ಟೆಸ್ಟಿಗೆ" ಎಂಬ ಬಾಟಲಿಯಲ್ಲಿ ಉಳಿದ ನೀರನ್ನು ಬಗ್ಗಿಸಿಕೊಂಡು ಅವರ ಎದುರಿಗೇ ಕುಡಿದೆ.

"ಮೇಡಮ್, ಅದು ಊರ ಬಾವೀದ್ರಿ!" ಎಂದು ಅವರು ಅರ್ಧ ಎದ್ದರು.

"ಗೊತ್ತು ಆಚಾರ್ರೇ. ಕೂಡ್ರಿ."